ದಿನ ತುಂಬದ ಕೂಸಿನ ಕಣ್ಣು

ಉಪಕಾರವೆಂದು ಮಾಡಿದ ಕ್ರಿಯೆಯೇ ಅಪಕಾರವಾಗಿ ಪರಿಣಮಿಸಿದಾಗ ಅದರ ಹೊಣೆಯನ್ನು ಹೇಗೆ ಅಳೆಯಬೇಕು ಎಂಬ ಪ್ರಶ್ನೆ ನೀತಿವಿಚಾರದಲ್ಲಿ ಬಹಳ ಹಳೆಯದು. ಇಂಥ ಚರ್ಚೆ ಬಂದಾಗ ನಾವು ಸಾಮಾನ್ಯವಾಗಿ ಪುರಾಣಗಳಿಂದಲೋ ದೃಷ್ಟಾಂತಕಥೆಗಳಿಂದಲೋ ಉದಾಹರಣೆ ತೆಗೆದುಕೊಳ್ಳುತ್ತೇವೆ. ಈ ಲೇಖನದಲ್ಲಿ ನಾನು ವೈದ್ಯಶಾಸ್ತ್ರದ ಒಂದು ಅಧ್ಯಾಯವನ್ನು ಓದುಗರ ಮುಂದಿಡಲು ಬಯಸುತ್ತೇನೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣಿನೊಳಗೆ ರಕ್ತನಾಳಗಳು ದಾರಿ ತಪ್ಪಿ ಬೆಳೆಯುವ ವ್ಯಾಧಿ ಅದು. ವೈದ್ಯರು ಅದನ್ನು ರೆಟಿನೋಪಥಿ ಆಫ್ ಪ್ರಿಮೆಚ್ಯುರಿಟಿ ಎನ್ನುತ್ತಾರೆ; ಆಸ್ಪತ್ರೆಯ ಮಾತಿನಲ್ಲಿ ಆರ್‌ಒಪಿ. ನಾನು ವೈದ್ಯನಲ್ಲ. ಬಿ.ಕಾಂ. ಮುಗಿಸಿ ತಂದೆಯವರ ದಲಾಲಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ಬಿಡುವಿನ ವೇಳೆಯಲ್ಲಿ ಗ್ರಂಥಗಳನ್ನು ಓದುವ ಹವ್ಯಾಸವುಳ್ಳವನು. ಈ ವ್ಯಾಧಿಯ ಚರಿತ್ರೆಯನ್ನು ಓದುತ್ತ ಹೋದಂತೆ, ನನ್ನ ವೃತ್ತಿಯ ನಿತ್ಯಕರ್ಮವಾದ ಜಮಾ-ಖರ್ಚು ತಾಳೆ ನೋಡುವ ಕೆಲಸ ಮತ್ತೆ ಮತ್ತೆ ನೆನಪಿಗೆ ಬಂದಿತು. ಇದನ್ನು ಓದಬೇಕಾಗಿ ಬಂದದ್ದೇಕೆಂಬುದನ್ನು ಮುಂದೆ ಹೇಳುತ್ತೇನೆ.

1942ರಲ್ಲಿ ಅಮೆರಿಕದ ಬಾಸ್ಟನ್ ನಗರದ ನೇತ್ರವೈದ್ಯ ಥಿಯೊಡೋರ್ ಟೆರಿ ಎಂಬವರು ಒಂದು ವಿಚಿತ್ರವನ್ನು ವರದಿ ಮಾಡಿದರು. ದಿನ ತುಂಬುವ ಮೊದಲೇ ಹುಟ್ಟಿ ಬದುಕಿ ಉಳಿದ ಕೆಲವು ಕೂಸುಗಳ ಕಣ್ಣಿನಲ್ಲಿ, ಮಸೂರದ ಹಿಂದೆ ಬಿಳಿಯ ಪೊರೆಯಂಥ ನಾರಿನ ರಾಶಿ ಬೆಳೆದು ದೃಷ್ಟಿ ಪೂರ್ತಿಯಾಗಿ ಹೋಗಿತ್ತು. ಮುಂದಿನ ಹತ್ತು-ಹನ್ನೆರಡು ವರ್ಷಗಳಲ್ಲಿ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ಹೀಗೆ ಕುರುಡಾದರೆಂದು ಅಂದಾಜು. 1950ರಲ್ಲಿ ಹುಟ್ಟಿದ ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ ಅವರಲ್ಲಿ ಒಬ್ಬರು. ಆಶ್ಚರ್ಯದ ಸಂಗತಿಯೆಂದರೆ, ಬಡ ದೇಶಗಳಲ್ಲಿ ಈ ರೋಗದ ಸುಳಿವೇ ಇರಲಿಲ್ಲ. ಶ್ರೀಮಂತ ದೇಶಗಳಲ್ಲಿಯೂ ಹೊಸ ಉಪಕರಣಗಳಿದ್ದ, ಶುಶ್ರೂಷೆಗೆ ಹೆಸರಾದ ಆಸ್ಪತ್ರೆಗಳಲ್ಲಿಯೇ ಅದು ಹೆಚ್ಚು. ವಿಟಮಿನ್ ಕಾರಣವಿರಬಹುದೆಂದರು, ಕಬ್ಬಿಣಾಂಶವೆಂದರು, ಬೆಳಕು ಎಂದರು. ಒಂದೊಂದು ಊಹೆಗೂ ಒಂದೊಂದು ಚಿಕಿತ್ಸೆ ಹುಟ್ಟಿಕೊಂಡಿತು.

ಅವುಗಳಲ್ಲಿ ಒಂದನ್ನು ಇಲ್ಲಿ ವಿವರವಾಗಿ ಹೇಳಬೇಕು. ನ್ಯೂಯಾರ್ಕಿನ ವಿಲಿಯಂ ಸಿಲ್ವರ್‌ಮನ್ ಎಂಬ ಶಿಶುವೈದ್ಯರು ಮತ್ತು ಅವರ ಸಹೋದ್ಯೋಗಿಗಳು ಎ.ಸಿ.ಟಿ.ಎಚ್. ಎಂಬ, ಆಗ ಹೊಸದಾಗಿ ಬಳಕೆಗೆ ಬಂದಿದ್ದ ಹಾರ್ಮೋನನ್ನು ಕೊಟ್ಟು ನೋಡಿದರು. ಚಿಕಿತ್ಸೆ ಪಡೆದ 31 ಕೂಸುಗಳಲ್ಲಿ 25ಕ್ಕೆ ದೃಷ್ಟಿ ಉಳಿಯಿತು. ಚಿಕಿತ್ಸೆಯಿಲ್ಲದ ಇನ್ನೊಂದು ಆಸ್ಪತ್ರೆಯಲ್ಲಿ ಏಳರಲ್ಲಿ ಆರು ಕೂಸುಗಳು ಕುರುಡಾಗಿದ್ದವು. ಇಷ್ಟು ಸ್ಪಷ್ಟವಾದ ಲಾಭ ಕಂಡ ಮೇಲೆ ಯಾವ ವ್ಯಾಪಾರಿಯೂ ಎರಡನೆಯ ಬಾರಿ ಲೆಕ್ಕ ನೋಡುವುದಿಲ್ಲ. ಅವರು ನೋಡಿದರು. ಒಂದೇ ಆಸ್ಪತ್ರೆಯಲ್ಲಿ, ಯಾವ ಕೂಸಿಗೆ ಔಷಧ, ಯಾವುದಕ್ಕೆ ಇಲ್ಲ ಎಂಬುದನ್ನು ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಟ್ಟು ಪರೀಕ್ಷಿಸಿದರು. ಫಲಿತಾಂಶ ತಲೆಕೆಳಗಾಗಿತ್ತು. ಔಷಧ ಪಡೆದವುಗಳಲ್ಲಿ ಮೂರನೆಯ ಒಂದು ಭಾಗ ಕುರುಡಾದರೆ, ಪಡೆಯದವುಗಳಲ್ಲಿ ಐದನೆಯ ಒಂದು ಭಾಗ. ಔಷಧದ ಗುಂಪಿನಲ್ಲಿ ಸಾವು ಕೂಡ ಹೆಚ್ಚು. ಈ ವ್ಯಾಧಿಯ ಸ್ವಭಾವವೇ ಹಾಗೆ: ಆರಂಭದ ಹಂತದಲ್ಲಿ ಹೆಚ್ಚಿನ ಕೂಸುಗಳಲ್ಲಿ ಅದು ತಾನಾಗಿಯೇ ಇಳಿದುಹೋಗುತ್ತದೆ. ಇಳಿದದ್ದರ ಕೀರ್ತಿಯನ್ನು ಕೊಟ್ಟ ಔಷಧ ಪಡೆದುಕೊಳ್ಳುತ್ತದೆ. ಸಿಲ್ವರ್‌ಮನ್ನರು ಉಳಿದ ಜೀವಮಾನವೆಲ್ಲ ಈ ಪಾಠವನ್ನು ಹೇಳುತ್ತಲೇ ಇದ್ದರು. 1980ರಲ್ಲಿ ಈ ವ್ಯಾಧಿಯ ಕಥೆಯನ್ನೇ ಒಂದು ಗ್ರಂಥವಾಗಿ ಬರೆದರು.

ನಿಜವಾದ ಕಾರಣ ಯಾರೂ ಅನುಮಾನಿಸದ ಕಡೆ ಇತ್ತು. 1951ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನ ಕೇಟ್ ಕ್ಯಾಂಬೆಲ್ ಎಂಬ ವೈದ್ಯೆ, ಆಮ್ಲಜನಕವನ್ನು ಧಾರಾಳವಾಗಿ ಬಳಸುತ್ತಿದ್ದ ಕಡೆಯ ಮಕ್ಕಳನ್ನೂ ಮಿತವಾಗಿ ಬಳಸುತ್ತಿದ್ದ ಕಡೆಯ ಮಕ್ಕಳನ್ನೂ ಹೋಲಿಸಿ, ಧಾರಾಳದಲ್ಲಿಯೇ ದೋಷವಿದೆಯೆಂದು ಸೂಚಿಸಿದರು. ಅದೇ ಕಾಲಕ್ಕೆ ಅಮೆರಿಕದ ವಾಷಿಂಗ್‌ಟನ್ನಿನಲ್ಲಿ ಆರ್ನಾಲ್ ಪ್ಯಾಟ್ಸ್ ಎಂಬ ತರುಣ ವೈದ್ಯರಿಗೆ ಇದೇ ಸಂದೇಹ ಬಂದಿತ್ತು. ಉಸಿರಾಡಲು ಕಷ್ಟಪಡುವ ಕೂಸಿಗೆ ಆಮ್ಲಜನಕ ಕಡಿಮೆ ಮಾಡುವುದೆಂದರೆ ಹಸಿದವನ ಎದುರಿನಿಂದ ಎಲೆ ಎತ್ತಿದಂತೆ. ಹಿರಿಯರು ಈ ಪರೀಕ್ಷೆಯನ್ನು ಅನೀತಿಯೆಂದೇ ಕಂಡರು. ಪರೀಕ್ಷೆ ಆರಂಭವಾದ ಮೇಲೂ, ರಾತ್ರಿ ಪಾಳಿಯ ಕೆಲವು ದಾದಿಯರು, ಕಡಿಮೆ ಆಮ್ಲಜನಕದ ಗುಂಪಿನ ಕೂಸುಗಳ ಮೇಲಿನ ಮರುಕದಿಂದ, ಯಾರೂ ಇಲ್ಲದಾಗ ಕೀಲಿಯನ್ನು ತಿರುಗಿಸಿ ಹೆಚ್ಚು ಬಿಡುತ್ತಿದ್ದರಂತೆ. ನಾನು ಇದನ್ನು ಓದಿ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತೆ. ಆ ದಾದಿಯರ ಮನಸ್ಸಿನಲ್ಲಿ ಕರುಣೆಯ ಹೊರತು ಬೇರೇನೂ ಇರಲಿಲ್ಲ. ಅವರ ಕೈ ತಿರುಗಿಸಿದ ಕೀಲಿಯಿಂದ ಯಾವ ಕೂಸಿನ ಕಣ್ಣು ಹೋಯಿತೋ ಅವರಿಗೂ ತಿಳಿಯಲಿಲ್ಲ, ನಮಗೂ ತಿಳಿಯದು. ಭಾವಶುದ್ಧಿಯೊಂದೇ ಸಾಲದು, ತಿಳಿವಳಿಕೆಯೂ ಬೇಕು ಎಂದು ವ್ಯಾಖ್ಯಾನಕಾರರು ಹೇಳುವಾಗ ನಾವು ತಲೆದೂಗುತ್ತೇವೆ. ಈ ಪ್ರಸಂಗದಲ್ಲಿ ತಲೆದೂಗುವುದು ಅಷ್ಟು ಸುಲಭವಲ್ಲ. ಅವರ ಸ್ಥಾನದಲ್ಲಿ ನನ್ನ ತಾಯಿ ಇದ್ದಿದ್ದರೆ ಅವಳೂ ಕೀಲಿ ತಿರುಗಿಸುತ್ತಿದ್ದಳು.

1953-54ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಒಟ್ಟಾಗಿ ನಡೆಸಿದ ಪರೀಕ್ಷೆ ಸಂದೇಹವನ್ನು ಪರಿಹರಿಸಿತು. ಧಾರಾಳವಾದ ಆಮ್ಲಜನಕವೇ ಅಪರಾಧಿ ಎಂಬುದು ಸಿದ್ಧವಾಯಿತು. ಲಂಡನ್ನಿನ ನಾರ್ಮನ್ ಆಷ್ಟನ್ ಬೆಕ್ಕಿನ ಮರಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿಯೂ ಅದೇ ಕಂಡಿತು. (ಆ ಮರಿಗಳ ವಿಚಾರದಲ್ಲಿ ನಮ್ಮ ಓದುಗರಿಗೆ ಏನನ್ನಿಸುವುದೆಂದು ಬಲ್ಲೆ, ನನಗೂ ಅನ್ನಿಸಿತು. ಅದನ್ನು ಬೇರೆ ಲೇಖನಕ್ಕೆ ಬಿಡುತ್ತೇನೆ.) ಕೂಡಲೇ ಎಲ್ಲೆಡೆ ಆಮ್ಲಜನಕಕ್ಕೆ ಶೇಕಡಾ 40ರ ಮಿತಿ ಹಾಕಲಾಯಿತು. ಕುರುಡುತನ ಥಟ್ಟನೆ ಇಳಿಯಿತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಆ ದೊಡ್ಡ ಪರೀಕ್ಷೆಗೆ ಕೂಸುಗಳನ್ನು ಸೇರಿಸಿಕೊಂಡದ್ದು ಹುಟ್ಟಿ 48 ಗಂಟೆಗಳಾದ ಮೇಲೆ. ದಿನ ತುಂಬದ ಕೂಸಿನ ಪ್ರಾಣಕ್ಕೆ ಅತ್ಯಂತ ಅಪಾಯದ ಕಾಲವೆಂದರೆ ಆ ಮೊದಲ ಎರಡು ದಿನಗಳೇ. ಆ ಎರಡು ದಿನಗಳಲ್ಲಿ ಆಮ್ಲಜನಕ ಮಿತಿಗೊಳಿಸಿದರೆ ಏನಾಗುವುದೆಂಬುದು ಲೆಕ್ಕದ ಪುಸ್ತಕಕ್ಕೇ ಬಂದಿರಲಿಲ್ಲ. ಆದರೆ ಮಿತಿಯನ್ನು ಹುಟ್ಟಿದ ಕ್ಷಣದಿಂದಲೇ ಜಾರಿ ಮಾಡಿದರು. 1973ರಲ್ಲಿ ಇಂಗ್ಲೆಂಡಿನ ಕೆನೆತ್ ಕ್ರಾಸ್ ಎಂಬವರು ಮರಣದ ಅಂಕಿ-ಅಂಶಗಳನ್ನು ಹಿಡಿದು ಲೆಕ್ಕ ಹಾಕಿ, ಒಂದು ಕೂಸಿನ ದೃಷ್ಟಿ ಉಳಿಸಲು ಸುಮಾರು 16 ಕೂಸುಗಳ ಪ್ರಾಣ ತೆತ್ತಿರಬಹುದೆಂದು ಬರೆದರು. ಈ ಅಂದಾಜು ಎಷ್ಟು ನಿಖರ ಎಂಬ ಬಗ್ಗೆ ವಿವಾದವಿರಬಹುದು. ಆದರೆ ಒಂದು ಖಾತೆಯ ನಷ್ಟವನ್ನು ಇನ್ನೊಂದು ಖಾತೆಗೆ ದಾಟಿಸಿ ಲಾಭ ಬಂದಿತೆಂದು ಸಂತೋಷಪಡುವವರನ್ನು ಮಾರುಕಟ್ಟೆಯಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ. ಕುರುಡಾದ ಮಗು ಕಣ್ಣೆದುರಿಗೆ ಇರುತ್ತದೆ. ಮೊದಲ ದಿನವೇ ತೀರಿಕೊಂಡ ಕೂಸು ಕಾರಣ ಕೇಳಲು ಬರುವುದಿಲ್ಲ.

ಇನ್ನು ವ್ಯಾಧಿಯ ಒಳಸ್ವರೂಪವನ್ನು ತಿಳಿದಷ್ಟು ಹೇಳುತ್ತೇನೆ. ಕಣ್ಣಿನ ಹಿಂಗೋಡೆಗೆ ಹಾಸಿದ ತೆಳುವಾದ ಪದರ ಅಕ್ಷಿಪಟಲ. ಗರ್ಭದ ನಾಲ್ಕನೆಯ ತಿಂಗಳಿನ ಸುಮಾರಿಗೆ ಅದರ ನಡುವಿನಿಂದ, ದೃಷ್ಟಿನರ ಒಳಬರುವ ಸ್ಥಳದಿಂದ, ರಕ್ತನಾಳಗಳು ಅಂಚಿನ ಕಡೆಗೆ ಬಳ್ಳಿಯಂತೆ ಹಬ್ಬತೊಡಗುತ್ತವೆ. ಮೂಗಿನ ಕಡೆಯ ಅಂಚನ್ನು ಮುಟ್ಟಲು ಎಂಟು ತಿಂಗಳು ಬೇಕು. ಕಿವಿಯ ಕಡೆಯ ಅಂಚಿಗೆ ಹೆಚ್ಚುಕಡಿಮೆ ಒಂಬತ್ತೂ ತಿಂಗಳು. ಆರೇಳು ತಿಂಗಳಿಗೇ ಹುಟ್ಟಿದ ಕೂಸಿನಲ್ಲಿ ಈ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಗರ್ಭದಲ್ಲಿ ಆಮ್ಲಜನಕ ಕಡಿಮೆ. ಹೊರಗೆ, ಅದರಲ್ಲಿಯೂ ಕೃತಕವಾಗಿ ಕೊಟ್ಟಾಗ, ಬಹಳ ಹೆಚ್ಚು. ಬೇಕಾದ್ದು ಸಿಕ್ಕಿತೆಂದು ನಾಳಗಳು ಬೆಳೆಯುವುದನ್ನು ನಿಲ್ಲಿಸುತ್ತವೆ, ಕೆಲವು ಮುಚ್ಚಿಹೋಗುತ್ತವೆ. ಕೆಲವು ವಾರಗಳ ಮೇಲೆ ಅಕ್ಷಿಪಟಲ ತಾನು ಬಲಿತು ಆಹಾರ ಬೇಡುತ್ತದೆ. ನಾಳವಿಲ್ಲದ ಅಂಚಿನ ಪ್ರದೇಶ ಹಸಿವಿನಿಂದ ವಿ.ಇ.ಜಿ.ಎಫ್. ಎಂಬ ಒಂದು ರಾಸಾಯನಿಕ ಕರೆಯನ್ನು ಕಳುಹಿಸುತ್ತದೆ. ಆಗ ನಾಳಗಳು ಮತ್ತೆ ಬೆಳೆಯುತ್ತವೆ, ಆದರೆ ಸರಿಯಾದ ದಾರಿಯಲ್ಲಿ ಅಲ್ಲ. ಪದರವನ್ನು ಬಿಟ್ಟು ಕಣ್ಣಿನೊಳಗಿನ ಲೋಳೆದ್ರವದ ಕಡೆಗೆ ಏಳುತ್ತವೆ. ಹಾಗೆ ಬೆಳೆದವು ದುರ್ಬಲ. ರಕ್ತ ಸೋರಿ, ಕಲೆಗಟ್ಟಿ, ಆ ಕಲೆ ಕುಗ್ಗುವಾಗ ಅಕ್ಷಿಪಟಲವನ್ನೇ ಗೋಡೆಯಿಂದ ಕಿತ್ತುಬಿಡುತ್ತದೆ. ಟೆರಿಯವರು ಕಂಡ ಬಿಳಿಯ ಪೊರೆ ಈ ಅಂತಿಮ ಸ್ಥಿತಿ. ಆಮ್ಲಜನಕವೊಂದೇ ಕಾರಣವಲ್ಲವೆಂದೂ, ಸೋಂಕು, ತೂಕ ಸರಿಯಾಗಿ ಏರದಿರುವುದು ಮೊದಲಾದವೂ ಸೇರುತ್ತವೆಯೆಂದೂ ಈಗ ತಿಳಿದಿದೆ.

ಚಿಕಿತ್ಸೆಯ ತತ್ತ್ವ ಕೇಳಲು ಕ್ರೂರವಾಗಿದೆ. ಹಸಿದು ಕರೆ ಕಳುಹಿಸುತ್ತಿರುವ ಅಂಚಿನ ಪ್ರದೇಶವನ್ನೇ ಸುಟ್ಟುಬಿಡುವುದು. ಕರೆ ನಿಂತರೆ ದಾರಿತಪ್ಪಿದ ನಾಳಗಳು ಬಾಡುತ್ತವೆ, ನಡುವಿನ ದೃಷ್ಟಿ ಉಳಿಯುತ್ತದೆ. ಮೊದಲು ಶೀತದಿಂದ ಸುಡುತ್ತಿದ್ದರು. 1988ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಕೆಟ್ಟ ಪರಿಣಾಮ ಶೇಕಡಾ 43ರಿಂದ ಸುಮಾರು 22ಕ್ಕೆ ಇಳಿದಿತ್ತು. ಬಳಿಕ ಲೇಸರ್ ಬಂದಿತು. 2003ರ ಇನ್ನೊಂದು ಪರೀಕ್ಷೆ, ಇನ್ನೂ ಮೊದಲೇ ಚಿಕಿತ್ಸೆ ಮಾಡಿದರೆ ಮೇಲೆಂದು ತೋರಿಸಿತು. ಅಂದಿನಿಂದ, ಚಿಕಿತ್ಸೆ ಬೇಕೆಂದು ನಿರ್ಧಾರವಾದ ಮೇಲೆ 48ರಿಂದ 72 ಗಂಟೆಗಳೊಳಗೆ ಮುಗಿಸಬೇಕೆಂಬುದು ನಿಯಮ.

ಇಷ್ಟನ್ನು ನಾನು ಓದಬೇಕಾದದ್ದು 2016ರ ಮಳೆಗಾಲದಲ್ಲಿ. ನನ್ನ ಕಿರಿಯ ಮಗಳಿಗೆ 29ನೆಯ ವಾರದಲ್ಲಿ ಹೆಣ್ಣು ಕೂಸು ಹುಟ್ಟಿತು. ತೂಕ 1 ಕಿಲೋ 300 ಗ್ರಾಂ. ನಮ್ಮ ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚು ತೂಕದ ಬೆಲ್ಲದ ಅಚ್ಚುಗಳಿದ್ದವು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕೂಸು ಐದು ವಾರ ಗಾಜಿನ ಪೆಟ್ಟಿಗೆಯೊಳಗಿತ್ತು. 26ನೆಯ ದಿನ ಕಣ್ಣಿನ ವೈದ್ಯೆ ಬಂದು ಪರೀಕ್ಷಿಸಿದರು, ಅಂದಿನಿಂದ ವಾರಕ್ಕೊಮ್ಮೆ. ಪಾಪೆ ಹಿಗ್ಗಿಸುವ ಹನಿ ಹಾಕಿ, ರೆಪ್ಪೆಗಳನ್ನು ತಂತಿಯ ಚಿಮಟದಿಂದ ತೆರೆದಿಟ್ಟು ನೋಡುವ ಪರೀಕ್ಷೆ ಅದು. ಮಗಳು ಹೊರಗೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಕೂಸು ಮನೆಗೆ ಬಂದ ಎರಡನೆಯ ವಾರ, ಎಂದರೆ ಗರ್ಭದ ಲೆಕ್ಕದಲ್ಲಿ 36ನೆಯ ವಾರ, ಎರಡೂ ಕಣ್ಣುಗಳಲ್ಲಿ ರೋಗ ಮೂರನೆಯ ಹಂತಕ್ಕೆ ಏರಿದೆ, ನಾಳಗಳು ಉಬ್ಬಿ ಸುತ್ತಿಕೊಂಡಿವೆ, ನಾಳೆಯೇ ಚಿಕಿತ್ಸೆಯಾಗಬೇಕು ಎಂದರು.

ಆ ಸಂಜೆ ಮನೆಯಲ್ಲಿ ನಡೆದ ಮಾತು ನನಗೆ ಅಕ್ಷರಶಃ ನೆನಪಿದೆ. ಬೀಗಿತಿಯವರು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ನೋಡ್ರಿ ಬೀಗರ, ಕೂಸು ದೀಪದ ಕಡೆ ಹೊಳ್ಳತೈತಿ. ಛಲೋ ಇರೋ ಕಣ್ಣು ಯಾಕ ಸುಡಿಸ್ತೀರಿ? ನಮ್ಮನ್ಯಾಗ ಏಳ ತಿಂಗಳಿಗೆ ಹುಟ್ಟಿದಾವ್ರು ಇಬ್ಬರು ಅದಾರ, ಇಬ್ಬರೂ ಕಣ್ಣು ನೆಟ್ಟಗ ಅದಾವ," ಎಂದರು. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಈ ರೋಗದಲ್ಲಿ ಕಣ್ಣು ಹೊರಗಿನಿಂದ ಕೊನೆಯವರೆಗೂ ಚೆನ್ನಾಗಿಯೇ ಕಾಣುತ್ತದೆ. ಹಾಗೆ ಕಾಣದ ದಿನ ಬಂದರೆ ಅಂದು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಇನ್ನೊಂದೆಡೆ, ಆ ಹಂತದಿಂದಲೂ ಕೆಲವು ಕೂಸುಗಳು ತಾವಾಗಿಯೇ ಗುಣವಾಗುವುದುಂಟು. ನಮ್ಮ ಕೂಸು ಅಂಥವುಗಳಲ್ಲಿ ಒಂದೋ ಅಲ್ಲವೋ ಹೇಳಬಲ್ಲವರು ಯಾರು? ಅಳಿಯಂದಿರು ಸುಮ್ಮನೆ ಕುಳಿತಿದ್ದರು. ಮಗಳು ನನ್ನ ಕಡೆ ನೋಡಿ, "ಅಪ್ಪಾಜಿ, ನೀವ ಹೇಳ್ರಿ," ಎಂದಳು. ನಾನು ಹೇಳಲಿಲ್ಲ. ಮರುದಿನ ಬೆಳಿಗ್ಗೆ ವೈದ್ಯೆಯನ್ನು ಕೇಳಿ ತಂದೆತಾಯಿಗಳೇ ನಿರ್ಧರಿಸಲಿ, ಬೀಗಿತಿಯವರೂ ಬಂದು ಕೇಳಲಿ ಎಂದೆ.

ಆ ವೈದ್ಯೆಗೆ ನಾನು ಇಂದಿಗೂ ಋಣಿ. ಅವರು ಅವಸರದ ನಡುವೆಯೂ ಅರ್ಧ ಗಂಟೆ ಕುಳಿತು ಎರಡು ಮಾರ್ಗಗಳನ್ನು ತೆರೆದಿಟ್ಟರು. ಒಂದು ಲೇಸರ್. ಸುಟ್ಟ ಭಾಗ ಎಂದಿಗೂ ಮರಳದು, ಅಂಚಿನ ನೋಟ ಸ್ವಲ್ಪ ಕಿರಿದಾದೀತು, ಮುಂದೆ ದೊಡ್ಡ ನಂಬರಿನ ಕನ್ನಡಕ ಬರುವ ಸಂಭವ ಹೆಚ್ಚು. ಆದರೆ ಒಮ್ಮೆ ರೋಗ ಇಳಿದರೆ ಸಾಮಾನ್ಯವಾಗಿ ಇಳಿದಂತೆಯೇ. ಎರಡನೆಯದು ಕಣ್ಣಿನೊಳಗೆ ಚುಚ್ಚುಮದ್ದು. ಬೆವಾಸಿಜುಮ್ಯಾಬ್ ಎಂಬ ಔಷಧ ವಿ.ಇ.ಜಿ.ಎಫ್. ಕರೆಯನ್ನೇ ಹಿಡಿದು ನಿಲ್ಲಿಸುತ್ತದೆ, ಏನನ್ನೂ ಸುಡುವುದಿಲ್ಲ. 2011ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ರೋಗ ಕಣ್ಣಿನ ತೀರ ನಡುಭಾಗದಲ್ಲಿ ಇದ್ದ ಕೂಸುಗಳಲ್ಲಿ ಲೇಸರಿನ ಬಳಿಕ ಶೇಕಡಾ 42ರಷ್ಟು ಮರುಕಳಿಸಿದರೆ, ಚುಚ್ಚುಮದ್ದಿನ ಬಳಿಕ ಕೇವಲ 6. ಆದರೆ ಅದರ ಸ್ವಲ್ಪಾಂಶ ರಕ್ತಕ್ಕೆ ಸೇರುತ್ತದೆ. ಆ ವಯಸ್ಸಿನಲ್ಲಿ ಮಿದುಳು, ಪುಪ್ಪುಸ, ಮೂತ್ರಪಿಂಡಗಳಿಗೂ ಅದೇ ಕರೆ ಬೇಕು. ಅಲ್ಲದೆ ರೋಗ ತಿಂಗಳುಗಳ ಮೇಲೆ ಮತ್ತೆ ತಲೆಯೆತ್ತಬಹುದು. ದೀರ್ಘಕಾಲ ಬಿಡದೆ ಪರೀಕ್ಷೆಗೆ ಬರಬೇಕು. "ನಿಮ್ಮ ಕೂಸಿನ ರೋಗ ನಡುಭಾಗಕ್ಕೆ ಬಂದಿಲ್ರಿ, ಹೊರಗಿನ ವಲಯದಾಗ ಐತಿ. ಹಿಂಗಿದ್ದಾಗ ನಾ ಲೇಸರ್ ಹೇಳತೇನಿ. ನಡುಭಾಗದಾಗ ಇದ್ದಿದ್ರ ಬ್ಯಾರೆ ಹೇಳತಿದ್ದೆ," ಎಂದರು. ಬೀಗಿತಿಯವರು, "ತಾಯಿ, ನಿಮ್ಮ ಕೂಸಾಗಿದ್ರ?" ಎಂದು ಕೇಳಿಯೇಬಿಟ್ಟರು. "ಇವತ್ತ ಮಾಡಸ್ತಿದ್ದೆ, ಅವ್ವಾರ," ಎಂದು ಉತ್ತರ ಬಂದಿತು. ಅಳಿಯಂದಿರು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. ತಿಳಿದ ನಷ್ಟವನ್ನು ಒಪ್ಪಿ, ತಿಳಿಯದ ಅಪಾಯವನ್ನು ಬಿಟ್ಟದ್ದಾಯಿತು. ಇಂದು ಅದೇ ಪ್ರಶ್ನೆ ಎದುರಾದರೆ ಉತ್ತರ ಬೇರೆಯಾಗಲೂಬಹುದು: 2019ರಲ್ಲಿ ರಾನಿಬಿಜುಮ್ಯಾಬ್ ಎಂಬ, ರಕ್ತದಿಂದ ಬೇಗ ಹೊರಹೋಗುವ ಔಷಧದ ಪರೀಕ್ಷೆ ಪ್ರಕಟವಾಗಿ ಯುರೋಪಿನಲ್ಲಿ ಅದಕ್ಕೆ ಅನುಮತಿ ದೊರೆಯಿತು, 2023ರಲ್ಲಿ ಅಮೆರಿಕದಲ್ಲಿ ಅಫ್ಲಿಬರ್ಸೆಪ್ಟ್ ಎಂಬುದಕ್ಕೆ.

ಒಪ್ಪಿಗೆಯ ಕಾಗದದ ಮಾತು ಬಂದುದರಿಂದ ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಆಮ್ಲಜನಕ ಎಷ್ಟು ಇರಬೇಕೆಂಬ ಹಳೆಯ ಪ್ರಶ್ನೆ ಅರ್ಧ ಶತಮಾನದ ಮೇಲೂ ಬಗೆಹರಿದಿರಲಿಲ್ಲ. ಅಮೆರಿಕದಲ್ಲಿ 24ರಿಂದ 27 ವಾರಗಳ 1,316 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ರಕ್ತದ ಆಮ್ಲಜನಕ ಪ್ರಮಾಣವನ್ನು ಶೇಕಡಾ 85-89ರ ನಡುವೆ, ಇನ್ನೊಂದರಲ್ಲಿ 91-95ರ ನಡುವೆ ಇಟ್ಟರು. 2010ರಲ್ಲಿ ಫಲಿತಾಂಶ ಬಂದಿತು. ಕಡಿಮೆ ಗುಂಪಿನಲ್ಲಿ ತೀವ್ರ ಆರ್‌ಒಪಿ ಶೇಕಡಾ 8.6, ಹೆಚ್ಚಿನದರಲ್ಲಿ 17.9. ಆದರೆ ಕಡಿಮೆ ಗುಂಪಿನಲ್ಲಿ ಸಾವು ಶೇಕಡಾ 19.9, ಹೆಚ್ಚಿನದರಲ್ಲಿ 16.2. ಕ್ರಾಸ್ ಅವರ ಲೆಕ್ಕದ ನೆರಳು ಮತ್ತೆ ಕಾಣಿಸಿತು. 2013ರಲ್ಲಿ ಅಲ್ಲಿನ ಸರ್ಕಾರಿ ಮೇಲ್ವಿಚಾರಣಾ ಕಚೇರಿ, ತಂದೆತಾಯಿಗಳಿಗೆ ಕೊಟ್ಟ ಒಪ್ಪಿಗೆಯ ಕಾಗದದಲ್ಲಿ ಕುರುಡುತನ ಮತ್ತು ಸಾವಿನ ಅಪಾಯವನ್ನು ಸಾಕಷ್ಟು ತಿಳಿಸಿರಲಿಲ್ಲವೆಂದು ಆಕ್ಷೇಪಿಸಿತು. ದೊಡ್ಡ ವಾಗ್ವಾದವಾಯಿತು. ಎರಡೂ ಪ್ರಮಾಣಗಳು ಆಗ ಎಲ್ಲರೂ ಬಳಸುತ್ತಿದ್ದ ಮಿತಿಯೊಳಗೇ ಇದ್ದವು, ಯಾರಿಗೂ ಅನ್ಯಾಯವಾಗಲಿಲ್ಲ ಎಂದು ವೈದ್ಯರ ಒಂದು ಪಕ್ಷ ವಾದಿಸಿತು.

ನನ್ನ ಅಭಿಪ್ರಾಯ ಹೀಗಿದೆ. ಪರೀಕ್ಷೆ ನಡೆಸಿದ್ದು ಸರಿ. ನಡೆಸದಿದ್ದರೆ ಒಬ್ಬೊಬ್ಬ ವೈದ್ಯರು ಒಂದೊಂದು ಅಳತೆ ಹಿಡಿದು, ಯಾವ ದಾಖಲೆಯೂ ಇಲ್ಲದ ಪ್ರಯೋಗವನ್ನೇ ಮುಂದುವರಿಸುತ್ತಿದ್ದರು, ಎ.ಸಿ.ಟಿ.ಎಚ್. ಕಥೆ ಅದಕ್ಕೆ ಸಾಕ್ಷಿ. ಆದರೆ ಪರೀಕ್ಷೆ ಸರಿಯಾದುದೆಂಬುದು ಮಾತನ್ನು ಮುಚ್ಚಿಡಲು ಪರವಾನಗಿಯಲ್ಲ. ಮಾಲಿನ ಗುಣಮಟ್ಟ ಸಂದೇಹದಲ್ಲಿದ್ದಾಗ ಸಂದೇಹವನ್ನೂ ಸೇರಿಸಿಯೇ ಗ್ರಾಹಕನಿಗೆ ಹೇಳಬೇಕೆಂದು ನನ್ನ ತಂದೆ ಗಾದಿಯ ಮೇಲೆ ಕಲಿಸಿದ್ದರು. "ನಮಗೂ ಗೊತ್ತಿಲ್ಲ, ಅದಕ್ಕೇ ಪರೀಕ್ಷಿಸುತ್ತಿದ್ದೇವೆ, ಒಂದರಲ್ಲಿ ಕಣ್ಣಿಗೆ ಅಪಾಯ, ಇನ್ನೊಂದರಲ್ಲಿ ಪ್ರಾಣಕ್ಕೆ ಇರಬಹುದು" ಎಂದು ನೇರವಾಗಿ ಹೇಳಿದ್ದರೆ ಕೆಲವರು ಒಪ್ಪುತ್ತಿರಲಿಲ್ಲ ನಿಜ. ಒಪ್ಪದಿರುವುದು ಅವರ ಹಕ್ಕು. ನಮ್ಮ ಬೀಗಿತಿಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರ್ಧ ಗಂಟೆಯಲ್ಲಿ ಅವರಿಗೆ ಅರ್ಥವಾದದ್ದು ಬೇರೆ ಯಾರಿಗೆ ಅರ್ಥವಾಗದು?

ಮೊಮ್ಮಗಳಿಗೆ ಈಗ ಶಾಲೆಗೆ ಹೋಗುವ ವಯಸ್ಸು. ದಪ್ಪ ಕನ್ನಡಕವಿದೆ. ಬದಿಯಿಂದ ಬರುವ ಸೈಕಲ್ಲು ಬೇಗ ಕಾಣುವುದಿಲ್ಲವಾದ್ದರಿಂದ ರಸ್ತೆ ದಾಟುವಾಗ ಕೈ ಹಿಡಿಯಬೇಕು. ಓದುತ್ತಾಳೆ, ಚಿತ್ರ ಬರೆಯುತ್ತಾಳೆ. ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪುವುದಿಲ್ಲ.

ನಮಗೆ ಆ ವೈದ್ಯೆ ಸಿಕ್ಕರು, ಎಲ್ಲರಿಗೂ ಸಿಗುವುದಿಲ್ಲ. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ, ನಮ್ಮ ಕೂಸಿನಂತೆಯೇ 29ನೆಯ ವಾರದಲ್ಲಿ, 1 ಕಿಲೋ 250 ಗ್ರಾಂ ತೂಕದಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಅದರ ಕಣ್ಣನ್ನು ಕಾಲಕ್ಕೆ ಸರಿಯಾಗಿ ಯಾರೂ ಪರೀಕ್ಷಿಸಲಿಲ್ಲ, ಪರೀಕ್ಷಿಸಬೇಕೆಂದು ತಂದೆತಾಯಿಗಳಿಗೆ ಹೇಳಲೂ ಇಲ್ಲ. ಮಗು ಕುರುಡಾಯಿತು. ತಂದೆ ಬಹಳ ವರ್ಷ ಹೋರಾಡಿದರು. 2015ರ ಜುಲೈ 1ರಂದು ಸುಪ್ರೀಂ ಕೋರ್ಟು, ಗ್ರಾಹಕ ಆಯೋಗ ಕೊಡಿಸಿದ್ದ 5 ಲಕ್ಷ ರೂಪಾಯಿಯನ್ನು ಏರಿಸಿ, ಮುಂದಿನ ಚಿಕಿತ್ಸೆಗೆ 1 ಕೋಟಿ 38 ಲಕ್ಷ ಮತ್ತು ಆಗಿಹೋದ ಖರ್ಚಿಗೆ 42 ಲಕ್ಷಕ್ಕೂ ಮಿಕ್ಕಿ ಕೊಡಬೇಕೆಂದು ಆಜ್ಞಾಪಿಸಿತು. ಬೆಲೆಯೇರಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನ್ಯಾಯಾಲಯ ಹೇಳಿದ್ದನ್ನು ಓದಿ ವಾಣಿಜ್ಯ ಓದಿದ ನನಗೆ ಸಮಾಧಾನವಾಯಿತು. ಆದರೆ ಆ ಹಣದ ಎದುರಿಗೆ ಇಟ್ಟು ತೂಗಬೇಕಾದದ್ದು ಕೆಲವು ಹನಿ ಔಷಧ ಮತ್ತು ಹದಿನೈದು ನಿಮಿಷದ ಒಂದು ಪರೀಕ್ಷೆಯನ್ನು.

ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಮಕ್ಕಳು ದಿನ ತುಂಬದೆ ಹುಟ್ಟುತ್ತವೆ. ಜಗತ್ತಿನಲ್ಲಿಯೇ ಇದು ಅತ್ಯಧಿಕ. ಮೊದಲು ಅವು ಬದುಕುತ್ತಲೇ ಇರಲಿಲ್ಲ. ಈಗ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ನವಜಾತ ಶಿಶು ಘಟಕಗಳಾಗಿವೆ, ಬದುಕುತ್ತವೆ. ಆದರೆ ಎಷ್ಟೋ ಕಡೆ ಆಮ್ಲಜನಕವನ್ನು ಗಾಳಿಯೊಡನೆ ಬೆರೆಸಿ ಕೊಡುವ ಸಾಧನವಿಲ್ಲ, ಅಳೆಯುವ ಉಪಕರಣ ಸಾಲದು. ಪರಿಣಾಮವಾಗಿ ಪಶ್ಚಿಮದಲ್ಲಿ ರೋಗ ಬಾರದಷ್ಟು ತೂಕದ ಕೂಸುಗಳಿಗೂ ನಮ್ಮಲ್ಲಿ ಬರುತ್ತದೆ. ಆದ್ದರಿಂದಲೇ ನಮ್ಮ ನಿಯಮದಲ್ಲಿ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಕ್ಕಿಂತ ಕಡಿಮೆ ತೂಕದ ಕೂಸುಗಳಿಗೆಲ್ಲ 30 ದಿನದೊಳಗೆ ಕಣ್ಣಿನ ಪರೀಕ್ಷೆಯಾಗಬೇಕು. ತೀರ ಚಿಕ್ಕವಕ್ಕೆ ಎರಡು-ಮೂರು ವಾರದಲ್ಲಿಯೇ. ನೋಡಬಲ್ಲ ವೈದ್ಯರು ಮಾತ್ರ ಬೆರಳೆಣಿಕೆ. ಈ ಕೊರತೆಗೆ ನಮ್ಮ ರಾಜ್ಯದಲ್ಲಿಯೇ ಒಂದು ದಾರಿ ಕಂಡುಕೊಳ್ಳಲಾಯಿತೆಂಬುದು ಹೆಮ್ಮೆಯ ಸಂಗತಿ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ ವಿನೇಕರ್ ಅವರ ನೇತೃತ್ವದಲ್ಲಿ ಕಿಡ್‌ರಾಪ್ ಎಂಬ ಯೋಜನೆ ಆರಂಭವಾಯಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ವಾಹನದಲ್ಲಿ ಜಿಲ್ಲೆ-ತಾಲ್ಲೂಕುಗಳ ಶಿಶು ಘಟಕಗಳಿಗೆ ಹೋಗಿ, ಕಣ್ಣಿನ ಒಳಭಾಗದ ಚಿತ್ರ ತೆಗೆದು, ಕೆಂಪು-ಕಿತ್ತಳೆ-ಹಸಿರು ಎಂದು ವಿಂಗಡಿಸುತ್ತಾರೆ. ದೂರದಲ್ಲಿರುವ ತಜ್ಞರು ಅದನ್ನು ನೋಡಿ ಹೇಳುತ್ತಾರೆ.

ಕಳೆದ ವರ್ಷ ನಮ್ಮ ಟ್ರಸ್ಟಿನ ಸಭೆಯಲ್ಲಿ ನಾನು ಒಂದು ಪ್ರಸ್ತಾಪವಿಟ್ಟೆ. ಔಷಧದಾನದ ಹೆಸರಿನಲ್ಲಿ ನಾವು ಪ್ರತಿವರ್ಷ ಮುದುಕರ ಪೊರೆ ತೆಗೆಸುವ ಶಿಬಿರ ನಡೆಸುತ್ತೇವೆ. ಅದು ನಿಲ್ಲದಿರಲಿ, ಅದರ ಮೂರನೆಯ ಒಂದು ಭಾಗವನ್ನು, ಮನೆಗೆ ಹೋದ ದಿನ ತುಂಬದ ಕೂಸುಗಳನ್ನು ಪರೀಕ್ಷೆಗೆ ಮರಳಿ ಕರೆತರುವ ಕೆಲಸಕ್ಕೆ ಕೊಡೋಣ ಎಂದೆ. ಘಟಕದಿಂದ ಬಿಡುಗಡೆಯಾದ ಬಳಿಕ ಹಳ್ಳಿಯ ತಾಯಂದಿರು ಬಸ್ಸಿನ ಖರ್ಚು, ದಿನಗೂಲಿ ನಷ್ಟ, ಬಾಣಂತನದ ಕಟ್ಟುಪಾಡು ಇವುಗಳಿಂದ ಎರಡನೆಯ ಪರೀಕ್ಷೆಗೆ ಬರುವುದೇ ಇಲ್ಲ. ರೋಗ ಏರುವುದು ಆಗಲೇ. ನೆನಪಿಸುವ ಒಬ್ಬ ಹೆಣ್ಣುಮಗಳು, ಒಂದು ಫೋನು, ಒಂದು ಬಾಡಿಗೆ ಗಾಡಿ, ಇಷ್ಟೇ ಬೇಕಾದದ್ದು.

ಒಬ್ಬ ಹಿರಿಯ ಧರ್ಮದರ್ಶಿಗಳು, "ಪೊರೆ ತೆಗೆಸಿದರೆ ನೂರಕ್ಕೆ ನೂರು ಜನ ಕಣ್ಣು ಬಂತೆಂದು ಕೈ ಮುಗಿದು ಹೋಗುತ್ತಾರೆ. ಇಲ್ಲಿ ನೂರು ಕೂಸು ಕರೆತಂದರೆ ಬಹುಪಾಲಿಗೆ ಏನೂ ಇರುವುದಿಲ್ಲ ಎನ್ನುತ್ತೀರಿ. ದಾನಿಗಳಿಗೆ ಏನು ತೋರಿಸೋಣ?" ಎಂದರು. ಪ್ರಶ್ನೆ ನ್ಯಾಯವಾದುದೇ. ಏನೂ ಇಲ್ಲ ಎಂದು ತಿಳಿಯುವುದಕ್ಕೇ ಈ ಖರ್ಚು, ವರ್ಷದ ಕೊನೆಗೆ ಲೆಕ್ಕಪರಿಶೋಧಕರಿಗೆ ಕೊಡುವ ಶುಲ್ಕದಂತೆ, ಎಂದು ನಾನೆಂದೆ. ಅವರು ನಕ್ಕರು, ಒಪ್ಪಲಿಲ್ಲ. ಪೊರೆಯ ರೋಗಿ ಈ ವರ್ಷ ತಪ್ಪಿದರೆ ಮುಂದಿನ ವರ್ಷ ಬರಬಹುದು, ಈ ಕೂಸಿಗೆ ಮುಂದಿನ ವಾರವಿಲ್ಲ ಎಂದೂ ಹೇಳಿದೆ. ಆ ಮಾತಿಗೆ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಕೊನೆಗೆ ಆರು ತಿಂಗಳ ಮಟ್ಟಿಗೆ ಗಾಡಿಯ ಬಾಡಿಗೆಯನ್ನು ಮಾತ್ರ ಮಂಜೂರು ಮಾಡಿದರು. ಹೆಣ್ಣುಮಗಳ ಸಂಬಳದ ವಿಷಯ ಮುಂದಿನ ಸಭೆಗೆ ಹೋಗಿದೆ. ಸದ್ಯಕ್ಕೆ ಫೋನು ಮಾಡುವ ಕೆಲಸವನ್ನು, ಗಾದಿಯನ್ನು ಮಗನಿಗೆ ಬಿಟ್ಟ ಮೇಲೆ ನನಗೆ ಮಧ್ಯಾಹ್ನ ಬಿಡುವಿರುವುದರಿಂದ, ನಾನೇ ಮಾಡುತ್ತಿದ್ದೇನೆ. ಕೆಂಪು ಬಟ್ಟೆಯ ರಟ್ಟಿನ ಹಳೆಯ ಖಾತೆ ಪುಸ್ತಕವೊಂದರಲ್ಲಿ ಹುಟ್ಟಿದ ದಿನ, ತೂಕ, ಪರೀಕ್ಷೆಯ ದಿನ, ಮುಂದಿನ ದಿನ ಎಂದು ನಾಲ್ಕು ಮನೆ ಮಾಡಿಕೊಂಡಿದ್ದೇನೆ. ಈ ತಿಂಗಳು ಅದರಲ್ಲಿ ಹದಿನಾಲ್ಕು ಹೆಸರುಗಳಿವೆ. ಮೂವರ ಮನೆಯವರು ಇನ್ನೂ ಫೋನು ಎತ್ತಿಲ್ಲ.